ಪರೀಕ್ಷೆಗೆ ಬಾರದ ಪದ್ಯಗಳು

ನಮ್ಮ ಪಂಡಿತರ ಕಿವಿಗಳಲ್ಲಿ ಕೂದಲು ಬೆಳೆದಿತ್ತು. ಅಷ್ಟಿಷ್ಟಲ್ಲ, ಹಿಂದಿನಿಂದ ನೋಡಿದರೂ ಇವರೇ ಎಂದು ಗುರುತು ಸಿಗುವಷ್ಟು. ಸಿಟ್ಟು ಬಂದರೆ ಅವರ ಮುಖ ಬದಲಾಗುತ್ತಿರಲಿಲ್ಲ, ಆ ಎರಡು ಕಿವಿಗಳು ಮಾತ್ರ ಕೆಂಪಗಾಗುತ್ತಿದ್ದವು. ಅಗಲ ಹೆಗಲು, ನಸ್ಯದ ಕಲೆ ಹಿಡಿದ ಬೆರಳು, ಎಷ್ಟು ಮಡಚಿದರೂ ಉಬ್ಬಿಕೊಂಡೇ ಇರುವ ಹಳೆಯ ಕೊಡೆ. ಇಂಥ ಮನುಷ್ಯ ತಾಳಮದ್ದಳೆಯಲ್ಲಿ ಹೆಣ್ಣಾಗಿ ಮಾತಾಡಿ ಮಂಗಳೂರಿನ ವಕೀಲರು, ವ್ಯಾಪಾರಿಗಳನ್ನೆಲ್ಲ ಅಳಿಸುತ್ತಿದ್ದರು ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ನಾನು ಕಣ್ಣಾರೆ ಕಂಡವಳು.

ತಾಳಮದ್ದಳೆ ನೋಡದವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಯಕ್ಷಗಾನದ ಪದ್ಯ ಅದರಲ್ಲಿ ಉಂಟು, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಎದುರುಬದುರು ಕೂತ ಗಂಡಸರು, ಮನೆಯಿಂದ ಉಟ್ಟು ಬಂದ ಬಟ್ಟೆಯಲ್ಲೇ, ಒಬ್ಬ ರಾಜನಾಗಿ ಇನ್ನೊಬ್ಬ ರಾಣಿಯಾಗಿ ಆ ಪದ್ಯಕ್ಕೆ ಮಾತು ಕಟ್ಟುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಬಾಯಿಪಾಠ ಮಾಡಿ ಬಂದು ಒಪ್ಪಿಸುವ ಕೆಲಸವಲ್ಲ ಅದು. ಎದುರಿನವನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು, ಹುಟ್ಟದೆ ಸುಮ್ಮನಾದವನು ಸೋತ. ಹೆಣ್ಣಿನ ಪಾತ್ರ ಬಂದರೆ ಉಳಿದವರು ಗಂಟಲು ಸಣ್ಣ ಮಾಡಿ ಕೊಂಕಿಕೊಂಡು ಮಾತಾಡುತ್ತಿದ್ದರು. ನಮ್ಮ ಪಂಡಿತರು ಧ್ವನಿ ಬದಲಿಸುತ್ತಿರಲಿಲ್ಲ. ಶಾಲನ್ನು ಬಲಭುಜದ ಮೇಲೆ ಒಮ್ಮೆ ಎಳೆದುಕೊಳ್ಳುವರು, ಅಷ್ಟೇ. ಪಕ್ಕದ ಕೋಣೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದ ಹೆಂಗಸರ ಕೈ ಅಲ್ಲಿಗೇ ನಿಲ್ಲುತ್ತಿತ್ತು.

ವಾರದ ದಿನಗಳಲ್ಲಿ ಅವರು ನಮ್ಮ ಹೆಣ್ಣುಮಕ್ಕಳ ಶಾಲೆಯ ಕನ್ನಡ ಪಂಡಿತರು. "ಶಬ್ದ ಬೇಡ ಮಾರಾಯ್ತಿ, ಅರ್ಥ ಹೇಳು" ಎಂಬುದು ಅವರ ನಿತ್ಯದ ಮಾತು. ಪದ್ಯವನ್ನು ಗಿಳಿಪಾಠ ಒಪ್ಪಿಸಿದವಳಿಗೆ ಬೈಗುಳ, ತಪ್ಪಾದರೂ ಸ್ವಂತ ಮಾತಿನಲ್ಲಿ ಹೇಳಿದವಳಿಗೆ ಒಂದು ಪೆಪ್ಪರ್ಮಿಂಟು. ಮಳೆಗಾಲದಲ್ಲಿ ಕೊಡೆಯಿಲ್ಲದ ಹುಡುಗಿಯರಿಗೆ ತಮ್ಮ ಕೊಡೆ ಕೊಟ್ಟು ತಾವು ನೆನೆದುಕೊಂಡೇ ಮಣ್ಣಗುಡ್ಡದವರೆಗೆ ನಡೆಯುವರು. ಇಷ್ಟು ಒಳ್ಳೆಯವರಿಗೂ ಒಂದು ಕಡೆ ಕಾಲು ಎಡವುತ್ತಿತ್ತು. ಪಠ್ಯದ ಹಳಗನ್ನಡದಲ್ಲಿ ಹೆಣ್ಣಿನ ವರ್ಣನೆ ಬಂತೋ, ಪಂಡಿತರು ಕಿಟಕಿಯ ಕಡೆ ತಿರುಗಿ, "ಇದು ಪರೀಕ್ಷೆಗೆ ಬರುವುದಿಲ್ಲ, ಮುಂದೆ ಹೋಗುವ" ಎನ್ನುವರು. ಪರೀಕ್ಷೆಗೆ ಬಾರದ ಪದ್ಯಗಳನ್ನೇ ನಾವು ಮೊದಲು ಓದುತ್ತಿದ್ದೆವು ಎಂದು ಬೇರೆ ಹೇಳಬೇಕೆ?

ಓದಿದರೆ ಅರ್ಥವಾಗಬೇಕಲ್ಲ. ಅದಕ್ಕೆ ನಾನು ಹಿಡಿದ ದಾರಿ ಪಂಡಿತರ ಅಕ್ಕ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಮಾತ್ರ. ನನ್ನ ಅಪ್ಪ ದೇರೆಬೈಲಿನ ಗದ್ದೆ ಬಿಟ್ಟು ಬಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಪಂಡಿತರದು ಪೂಜೆ ಪುರಸ್ಕಾರದ ಮನೆತನ, ಹಾಗಾಗಿ ನಾನು ಜಗಲಿಯಿಂದ ಒಳಗೆ ಹೋಗುವಂತಿರಲಿಲ್ಲ. ಅಕ್ಕ ಹೊಸ್ತಿಲ ಆಚೆ ಕೂರುವರು. ಎಳವೆಯಲ್ಲೇ ಗಂಡ ತೀರಿಹೋಗಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ದರಂತೆ. ಪಂಡಿತರಿಗಿಂತ ಎರಡೇ ವರ್ಷ ದೊಡ್ಡವರು. ಪಂಡಿತರ ಹೆಂಡತಿಯೂ ಹೆರಿಗೆಯಲ್ಲಿ ಹೋಗಿದ್ದರು. ಅವರಿಗೆ ಮತ್ತೆ ಹೆಣ್ಣು ಕೊಡಲು ಜನ ಬರುತ್ತಲೇ ಇದ್ದರು, ಅಕ್ಕನಿಗೆ ಮಾತ್ರ ಯಾರೂ ಬರಲಿಲ್ಲ. ಅಕ್ಕ ತಮ್ಮನಿಂದಲೇ ಓದು ಕಲಿತವರು, ಆಮೇಲೆ ತಮ್ಮನನ್ನು ದಾಟಿ ಹೋದವರು. ಮನೆಗೆ ಬಂದ ಪುಸ್ತಕ ಯಾವುದನ್ನೂ ಬಿಟ್ಟವರಲ್ಲ.

ಆ ದಿನ ನಾನು ಒಯ್ದ ಪದ್ಯದಲ್ಲಿ ಒಬ್ಬ ರಾಜಕುಮಾರಿಯ ವರ್ಣನೆ, ಉಗುರಿನಿಂದ ಮುಡಿಯವರೆಗೆ. ಅಕ್ಕ ನಾಚಿಕೊಳ್ಳದೆ ಸಾಲು ಸಾಲು ಬಿಡಿಸಿ ಹೇಳಿದರು. ಕಣ್ಣಿನ ಪದ್ಯ ಮುಗಿದ ಮೇಲೆ ಪುಟದ ಮೇಲೆ ಬೆರಳಿಟ್ಟು ಒಂದು ಮಾತು ಹೇಳಿದರು. ಅವರು ಹೇಳಿದ್ದು ತುಳುವಿನಲ್ಲಿ, ಆ ಮನೆಯಲ್ಲೂ ನಮ್ಮಲ್ಲೂ ಆಡುಮಾತು ತುಳುವೇ. ಕನ್ನಡದಲ್ಲಿ ಹೀಗಾಗುತ್ತದೆ: "ಇವಳ ಕಣ್ಣು ಹೇಗುಂಟು ಅಂತ ಹೇಳ್ಲಿಕ್ಕೆ ಕವಿಗೆ ನಾಲ್ಕು ಪದ್ಯ ಬೇಕಾಯ್ತು. ಆ ಕಣ್ಣಿಗೆ ಎಂತ ಕಾಣ್ತದೆ ಅಂತ ಒಂದು ಸಾಲು ಕೂಡ ಇಲ್ಲ, ನೋಡು."

"ಆಮೇಲಿನ ಕಾಲದ ಪುರಾಣಗಳಲ್ಲಿ?" ಎಂದು ಕೇಳಿದೆ.

"ಅದರಲ್ಲಿ ಕಣ್ಣೂ ಇಲ್ಲ. ಗಂಡ ಹೊಡೆದರೂ ಪಾದಪೂಜೆ, ಬಿಟ್ಟು ಹೋದರೂ ಉಪವಾಸ. ಅವಳಿಗೆ ಹಸಿವೇ ಆಗುವುದಿಲ್ಲ ಮಾರಾಯ್ತಿ."

"ಈಗಿನ ಕಾದಂಬರಿಯಲ್ಲಿ ಹೆಂಗಸರು ಓದ್ತಾರಲ್ಲ ಅಕ್ಕ?"

"ಓದ್ತಾರೆ. ಓದಿದವಳು ಕಡೆಗೆ ಬಾವಿಗೆ ಬೀಳ್ತಾಳೆ, ಇಲ್ಲದಿದ್ದರೆ ಅತ್ತೆಯ ಕಾಲಿಗೆ ಬೀಳ್ತಾಳೆ. ಬೀಳಿಸ್ಲಿಕ್ಕೆ ಅಷ್ಟು ಪುಟ ಯಾಕೆ ಬೇಕಿತ್ತೋ!"

ನಾನು ಹೊಟ್ಟೆ ಹಿಡಿದು ನಕ್ಕೆ. ಜಗಲಿಯ ಆ ತುದಿಯಲ್ಲಿ ನಸ್ಯ ಏರಿಸುತ್ತಿದ್ದ ಪಂಡಿತರು ನಗಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ ಕೇಳುತ್ತಿದ್ದರು.

ಮುಂದಿನ ಆದಿತ್ಯವಾರ ಪೇಟೆಯ ವ್ಯಾಪಾರಿಯೊಬ್ಬರ ಚಾವಡಿಯಲ್ಲಿ ತಾಳಮದ್ದಳೆ. ಪಂಡಿತರು ಶಾಲು ಎಳೆದುಕೊಂಡು, ಎದುರಿನ ರಾಜನಿಗೆ ಹೇಳಿದರು: "ಮಹಾರಾಜ, ನಿನ್ನ ಆಸ್ಥಾನದ ಕವಿಗಳು ನನ್ನ ಕಣ್ಣುಗಳನ್ನು ನೂರು ಬಗೆಯಲ್ಲಿ ಬಣ್ಣಿಸಿದರು. ಆ ಕಣ್ಣುಗಳಿಗೆ ಕಂಡದ್ದೇನೆಂದು ಅವರಲ್ಲಿ ಒಬ್ಬನಾದರೂ ಕೇಳಿದನೆ?" ಸಭೆಯಲ್ಲಿ ಭಲೇ ಎಂಬ ಕೂಗು, ಚಪ್ಪಾಳೆ. ಪಕ್ಕದ ಕೋಣೆಯಲ್ಲಿ ಕೂತಿದ್ದ ನಾನು ಎದ್ದುಬಿಟ್ಟೆ. ಅದು ಅಕ್ಕನ ಮಾತು. ತುಳು ಕಳಚಿ ಕನ್ನಡ ತೊಟ್ಟು ಬಂದಿತ್ತು, ಅಷ್ಟೇ.

ಓಡಿ ಬಂದು ಅಕ್ಕನಿಗೆ ಹೇಳಿದೆ. ವಿಧವೆಯಾದ ಅವರು ಅಂಥ ಕಡೆ ಕಾಲಿಡುವಂತಿರಲಿಲ್ಲ. "ಹೌದಾ? ಜನ ಎಂತ ಮಾಡಿದರು?" ಎಂದು ಮುಖ ಅರಳಿಸಿ ಕೇಳಿದರು. ಚಪ್ಪಾಳೆ ಹೊಡೆದರು ಎಂದೆ. "ತಮ್ಮನಿಗೆ ಮಾತು ಚೆನ್ನಾಗಿ ಬರ್ತದೆ" ಎಂದು ಎದ್ದು ಒಳಗೆ ಹೋದರು.

ಆಮೇಲೆ ನಾನು ಜಗಲಿಯಲ್ಲಿ ಕೂತೇ ಗಮನಿಸತೊಡಗಿದೆ. ತಾಳಮದ್ದಳೆಯ ಹಿಂದಿನ ದಿನ ಪಂಡಿತರು ಊಟಕ್ಕೆ ಕೂತು, ಯಾವುದೋ ನೆನಪಾದವರಂತೆ, "ಅಕ್ಕ, ಗಂಡ ಹೀಗೆ ಕೇಳಿದ ಅಂತ ಇಟ್ಟುಕೋ. ಅವಳು ಎಂತ ಹೇಳಿಯಾಳು?" ಎನ್ನುವರು. ಅಕ್ಕ ಬಡಿಸುತ್ತಲೇ ಉತ್ತರ ಕೊಡುವರು. ಮರುದಿನ ಅದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವುದು. ಹೆಣ್ಣಿನ ಮನಸ್ಸು ಬಲ್ಲವರೆಂದು ಪಂಡಿತರ ಹೆಸರು ಊರಿಂದೂರಿಗೆ ಹೋಯಿತು. ಕದ್ದರು ಎಂದು ಹೇಳಲಾರೆ. ಅಕ್ಕನೇ ಮನಸಾರೆ ಕೊಡುತ್ತಿದ್ದರು. ಆದರೂ ಚಪ್ಪಾಳೆ ಬಿದ್ದಾಗ ನಾನು ಕೈ ತಟ್ಟುತ್ತಿರಲಿಲ್ಲ.

ಆ ವರ್ಷ ನಾನು ಎಂಟನೆಯ ತರಗತಿ. ಶಾಲೆಯ ಸಭೆಯಲ್ಲಿ ಪದ್ಯ ಹೇಳಿ ವಿವರಿಸಿದ್ದಕ್ಕೆ ಮೊದಲ ಬಹುಮಾನ ಬಂತು. ಯಾರು ಕಲಿಸಿದ್ದೆಂದು ನಮ್ಮ ದೊಡ್ಡ ಟೀಚರ್ ಕೇಳಿದರು. ಪಂಡಿತರ ಅಕ್ಕ ಎಂದೆ. ಮರುವಾರ ಆ ಟೀಚರ್ ಪಂಡಿತರ ಜಗಲಿಗೇ ಬಂದರು. ಚಿಕ್ಕ ಹುಡುಗಿಯರಿಗೆ ಕಲಿಸುವ ಹೆಂಗಸರು ಸಿಗುವುದಿಲ್ಲ, ಒಂದು ಪರೀಕ್ಷೆ ಕಟ್ಟಿದರೆ ಅಕ್ಕ ಟ್ರೈನಿಂಗಿಗೆ ಸೇರಬಹುದು, ಮುಗಿಸಿದರೆ ಕೆಲಸ ಖಂಡಿತ ಎಂದರು. ಹೊಸ್ತಿಲ ಆಚೆ ಕೂತ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು.

ನನ್ನ ಅಪ್ಪನಿಗೂ ಸುದ್ದಿ ಮುಟ್ಟಿತು. ನಾನೂ ಟ್ರೈನಿಂಗ್ ಎಂದು ಹಟ ಹಿಡಿದಿದ್ದೆ, ಅತ್ತ ದೇರೆಬೈಲಿನಿಂದ ಒಂದು ಸಂಬಂಧ ಬಂದಿತ್ತು. ಅಪ್ಪ ಹೇಳಿದರು: "ಪಂಡಿತರ ಅಕ್ಕ ಹೋಗ್ತಾರಾದರೆ ಅವರೊಟ್ಟಿಗೆ ನೀನೂ ಹೋಗು, ಯಾರೂ ಎಂತ ಹೇಳ್ಲಿಕ್ಕಿಲ್ಲ. ಅವರು ಹೋಗದಿದ್ದರೆ ಮದುವೆಯ ಮಾತು ನೋಡುವ." ಹೀಗೆ ಇಬ್ಬರ ಬದುಕು ಪಂಡಿತರ ಒಂದು 'ಆಗಲಿ'ಯ ಮೇಲೆ ನಿಂತಿತು.

ಮರುದಿನ ಬೇಲಿಯ ಬಳಿ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ.

"ಜನ ಎಂತ ಹೇಳಿಯಾರು ಅಕ್ಕ?" ಎಂದರು ಪಂಡಿತರು.

"ಯಾವ ಜನ? ಹೆಸರು ಹೇಳು."

"ನಮ್ಮ ಕುಲದಲ್ಲಿ ಯಾವ ವಿಧವೆ ರಸ್ತೆಗೆ ಇಳಿದದ್ದುಂಟು? ಎಲ್ಲ ಜಾತಿಯವರ ನಡುವೆ ಬೆಂಚಿನ ಮೇಲೆ ಕೂರ್ಲಿಕ್ಕುಂಟು. ಮತ್ತೆ ನೀನು ಹೋದರೆ ನಾಳೆಯಿಂದ ನನಗೆ..." ಎಂದವರು ಅಲ್ಲಿಗೇ ನಿಲ್ಲಿಸಿ, "ಅಡಿಗೆ ಯಾರು ಮಾಡ್ತಾರೆ?" ಎಂದು ಮುಗಿಸಿದರು.

"ಅದು ಅನ್ನದ ಚಿಂತೆ ಅಲ್ಲ. ನನಗೆ ಗೊತ್ತುಂಟು" ಎಂದರು ಅಕ್ಕ. ಅವರ ಧ್ವನಿ ಏರಲಿಲ್ಲ. "ಆಯ್ತು, ನೀನು ಬೇಡ ಅಂದರೆ ಬೇಡ. ಇನ್ನು ನಿನ್ನ ಹೆಂಗಸರಿಗೆ ನೀನೇ ಮಾತು ಹುಡುಕಿಕೋ."

ನಾನು ಮನೆಗೆ ಬಂದು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅಂದಿನಿಂದ ಅಕ್ಕ ತಮ್ಮನಿಗೆ ಹೊತ್ತಿಗೆ ಸರಿಯಾಗಿ ಬಡಿಸಿದರು, ಬಟ್ಟೆ ಒಗೆದರು, ಕೇಳಿದ್ದಕ್ಕೆ ಹೌದು ಅಲ್ಲ ಎಂದರು. ಅದಕ್ಕಿಂತ ಹೆಚ್ಚು ಒಂದಕ್ಷರ ಆಡಲಿಲ್ಲ. ನನ್ನ ಪದ್ಯಗಳನ್ನು ಮಾತ್ರ ಎಂದಿನಂತೆ ಬಿಡಿಸಿ ಹೇಳಿಕೊಟ್ಟರು.

ಇಷ್ಟರಲ್ಲಿ ಅದೇ ವ್ಯಾಪಾರಿಯ ಚಾವಡಿಯಲ್ಲಿ ದೊಡ್ಡ ತಾಳಮದ್ದಳೆ ನಿಕ್ಕಿಯಾಯಿತು. ಪ್ರಸಂಗ, ಊರ ಬಾಯಿಗೆ ಹೆದರಿ ಗಂಡ ಕೈಬಿಟ್ಟ ಒಬ್ಬ ರಾಣಿಯದು. ರಾಣಿ ನಮ್ಮ ಪಂಡಿತರು. ರಾಜ ಪೇಟೆಯ ಒಬ್ಬ ವಕೀಲರು, ಕೋರ್ಟಿನಲ್ಲೂ ಚಾವಡಿಯಲ್ಲೂ ಎದುರಾಳಿಯ ಬಾಯಿ ಕಟ್ಟಿಸುವುದರಲ್ಲಿ ನಿಸ್ಸೀಮರು. ಮಧ್ಯಾಹ್ನದ ಹೊತ್ತಿಗೇ ಚಾವಡಿ ತುಂಬಿ ಜನ ಅಂಗಳದಲ್ಲೂ ಕೂತಿದ್ದರು. ಹೆಂಗಸರ ಕೋಣೆಯಲ್ಲಿ ನನಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತು.

ಭಾಗವತರು ಪದ್ಯ ನಿಲ್ಲಿಸಿದರು. ವಕೀಲರು ಅಂಗಿಯ ತೋಳು ಸರಿಮಾಡಿಕೊಂಡು ಕೇಳಿದರು: "ದೇವಿ, ನಿನಗೆ ಕಾಯಲು ನಿನ್ನೊಬ್ಬಳ ಮಾನ. ನನಗೆ ಕುಲದ ಮಾನ. ಜನ ಏನೆಂದಾರು ಎಂಬ ಅಂಜಿಕೆ ದೊರೆಗೂ ಇರಬೇಡವೆ? ನಾನು ಮಾಡಿದ್ದರಲ್ಲಿ ತಪ್ಪೆಲ್ಲಿ?"

ಪಂಡಿತರು ಶಾಲು ಎಳೆದುಕೊಂಡರು. ಬಾಯಿ ತೆರೆದರು. ಮಾತು ಬರಲಿಲ್ಲ.

ಅರ್ಥ ಹೇಳುವವರಿಗೆ ಮಾತು ತಡೆದರೆ ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೊಮ್ಮೆ ಹಾಡಿ ಉಸಿರಾಡಲು ಹೊತ್ತು ಕೊಡುವುದುಂಟು. ಹಾಡಿದರು. ಪಂಡಿತರು ನೆಲ ನೋಡುತ್ತಿದ್ದರು. ಇನ್ನೊಮ್ಮೆ ಹಾಡಿದರು. ಅವರ ಎರಡೂ ಕಿವಿಗಳು ಕೆಂಪಾದದ್ದು ಕಿಟಕಿಯಿಂದಲೇ ನನಗೆ ಕಂಡಿತು. "ಎಂತ ಪಂಡಿತರೇ, ಸೌಖ್ಯ ಇಲ್ವಾ?" ಎಂದು ವಕೀಲರು ರಾಜತನ ಬಿಟ್ಟು ಮೆಲ್ಲಗೆ ಕೇಳಿದರು. ಪಂಡಿತರು ಶಾಲು ತೆಗೆದು ಮಡಚಿ, ಸಭೆಗೆ ಕೈಮುಗಿದು, ಎದ್ದು ಹೋದರು. ಅವರಿಗೆ ಹೊಟ್ಟೆನೋವು ಎಂದು ಜನ ಮಾತಾಡಿಕೊಂಡರು.

ಕೊಡೆ ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ನಾನು ಹಿಂದೆಯೇ ಓಡಿದೆ. ಅವರ ಜಗಲಿ ಹತ್ತುವ ಹೊತ್ತಿಗೆ ಪಂಡಿತರು ಹೊಸ್ತಿಲ ಈಚೆ ಕೂತಿದ್ದರು, ಅಕ್ಕ ಆಚೆ ನಿಂತಿದ್ದರು. ನಾನು ಕಂಬದ ಪಕ್ಕ ನಿಂತೆ. ಯಾರೂ ಹೋಗು ಎನ್ನಲಿಲ್ಲ.

"ಅಕ್ಕ, ರಾಜ ಹೀಗೆ ಕೇಳಿದ" ಎಂದು ಪ್ರಶ್ನೆಯನ್ನು ಒಪ್ಪಿಸಿ, ಪಂಡಿತರು ಕೇಳಿದರು: "ನಾನು ಎಂತ ಹೇಳಬೇಕಿತ್ತು?"

ಅಕ್ಕ ಹೊಸ್ತಿಲಿಗೆ ಇನ್ನೂ ಹತ್ತಿರ ಬಂದರು. "ಉತ್ತರ ನನ್ನ ಹತ್ರ ಉಂಟು. ಹೇಳಿದರೆ ಬರುವ ಆದಿತ್ಯವಾರ ನೀನು ಅದನ್ನೇ ಅಲ್ಲಿ ಹೇಳ್ತಿ. ಎಲ್ಲರೂ ಕಣ್ಣು ಒರೆಸಿಕೊಳ್ತಾರೆ. ನಾನು ಇಲ್ಲೇ ಒಲೆ ಊದ್ತಾ ಇರ್ತೇನೆ. ಯಾಕೆ ಹೇಳಬೇಕು, ತಮ್ಮಾ?"

ಪಂಡಿತರು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ, ಒಳಗೂ ಹೋಗಲಿಲ್ಲ. ನಾನು ಕೊಡೆಯನ್ನು ಗೋಡೆಗೆ ಒರಗಿಸಿ ಇಳಿದು ಬಂದೆ.

ಮರುದಿನ ಬೆಳಿಗ್ಗೆ ಪಂಡಿತರು ನಮ್ಮ ಅಂಗಳಕ್ಕೆ ಬಂದು ಅಪ್ಪನಿಗೆ ಹೇಳಿದರು: "ಅಕ್ಕನನ್ನು ದೊಡ್ಡ ಟೀಚರ್ ಹತ್ರ ಕರಕೊಂಡು ಹೋಗ್ತೇನೆ. ನಿಮ್ಮ ಮಗಳನ್ನೂ ಕಳಿಸಿ." ಮುಂದೆ ಕೊಡೆ ಹಿಡಿದು ಪಂಡಿತರು, ಹಿಂದೆ ಸೆರಗು ಎಳೆದುಕೊಂಡು ಅಕ್ಕ, ಅವರ ಹಿಂದೆ ನಾನು. ಅಂಗಡಿಯ ಜಗಲಿಯಿಂದ ಯಾರೋ "ಪಂಡಿತರ ಮೆರವಣಿಗೆ ಎಲ್ಲಿಗೆ?" ಎಂದು ಕೂಗಿ ನಕ್ಕರು. ಕಿವಿ ಕೆಂಪಾಯಿತೇ ಹೊರತು ಅವರು ತಿರುಗಿ ನೋಡಲಿಲ್ಲ.

ಅದು ಅಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷ ಅವರ ತಂದೆಯ ತಿಥಿಗೆ ಕರೆದ ಪುರೋಹಿತರು ಬರಲಿಲ್ಲ, ನೆಂಟರೂ ಬರಲಿಲ್ಲ. ಬಾಳೆಯೆಲೆ ಹಾಸಿಕೊಂಡು ಅಕ್ಕತಮ್ಮ ಇಬ್ಬರೂ ಮಧ್ಯಾಹ್ನ ತಿರುಗುವವರೆಗೂ ಕಾದರು. ಕಡೆಗೆ ಪಂಡಿತರು ತಮಗೆ ಬಂದಷ್ಟು ಮಂತ್ರ ತಾವೇ ಹೇಳಿ ಮುಗಿಸಿ, "ಬಡಿಸು ಅಕ್ಕ, ಅಪ್ಪನಿಗೆ ನಾವಿಬ್ಬರೇ ಮಕ್ಕಳಲ್ವಾ" ಎಂದರಂತೆ. ಇದನ್ನು ನನಗೆ ಹೇಳಿದ್ದು ಅಕ್ಕ. ತನ್ನಿಂದ ತಮ್ಮ ಒಂಟಿಯಾದನೆಂಬ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅಕ್ಕ ಟ್ರೈನಿಂಗ್ ಮುಗಿಸಿ ಕುಲಶೇಖರದ ಒಂದು ಸಣ್ಣ ಶಾಲೆಯಲ್ಲಿ ಟೀಚರಾದರು. ತಲೆಗೂದಲು ಬೆಳೆಯಲು ಬಿಟ್ಟರು. ಅದು ಬೆಳೆಯುವ ಹೊತ್ತಿಗೆ ಅರ್ಧ ಬೆಳ್ಳಗಾಗಿತ್ತು. ಪಂಡಿತರು ಹೆಣ್ಣಿನ ಅರ್ಥ ಹೇಳುವುದನ್ನು ಬಿಟ್ಟೇಬಿಟ್ಟರು. ಕರೆದರೆ ಮಂತ್ರಿಯೋ ದೂತನೋ ಆಗಿ ನಾಲ್ಕು ಮಾತಾಡಿ ಎದ್ದು ಬರುವರು. ಒಮ್ಮೆ ಮಾತ್ರ, ಹಳೆಯ ಚಾಳಿ, "ಅಕ್ಕ, ಅವಳು ಎಂತ ಹೇಳಿಯಾಳು?" ಎಂದು ಕೇಳಿದ್ದಕ್ಕೆ, "ನನಗೆ ನಾಳೆಯ ಪಾಠದ ತಯಾರಿ ಉಂಟು" ಎಂದರಂತೆ ಅಕ್ಕ. ಇದನ್ನು ಪಂಡಿತರೇ ನನಗೆ ನಗುತ್ತಾ ಹೇಳಿದ್ದು. ಆ ಹೊತ್ತಿಗೆ ನಾನು ಓದಿದ ಶಾಲೆಯಲ್ಲೇ ನಾನೂ ಟೀಚರ್, ಅವರ ಪಕ್ಕದ ತರಗತಿ ನನ್ನದು.

ಅಕ್ಕ ಹೆಚ್ಚು ಕಾಲ ಬಾಳಲಿಲ್ಲ. ವಿಷಮಶೀತಜ್ವರ ಬಂದು ಒಂದು ಮಳೆಗಾಲದಲ್ಲಿ ತೀರಿಕೊಂಡರು. ರಾಜನ ಆ ಪ್ರಶ್ನೆಗೆ ತಮ್ಮ ಉತ್ತರ ಏನೆಂದು ಅವರು ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಂಡಿತರು ಆಮೇಲೆ ಸೊರಗುತ್ತಾ ಹೋದರು. ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ನನ್ನನ್ನು ಕರೆಸಿಕೊಂಡರು. ಈಗ ಒಳಗೆ ಬಾ ಎನ್ನಲು ಅಡ್ಡಿಯಿರಲಿಲ್ಲ, ಅಡ್ಡಿ ಮಾಡುವ ನೆಂಟರೇ ಉಳಿದಿರಲಿಲ್ಲ. "ನಾನು ಹೋದ ಮೇಲೆ ಸಭೆ ಮಾಡ್ತಾರೆ. ಹೆಣ್ಣಿನ ಅರ್ಥ ಇವನಷ್ಟು ಯಾರೂ ಹೇಳಿಲ್ಲ ಅಂತ ಹೊಗಳ್ತಾರೆ. ಆಗ ನೀನು ಎದ್ದು ನಿಲ್ಲಬೇಕು. ಅದೆಲ್ಲ ಅಕ್ಕನ ಮಾತು ಅಂತ ಹೇಳಬೇಕು. ನನಗೆ ಬಾಯಿ ಬರಲಿಲ್ಲ."

ನನಗೆ ಒಮ್ಮೆಗೇ ಸಿಟ್ಟು ಬಂತು. ಇದನ್ನೂ ನಿಮ್ಮ ಪರವಾಗಿ ಒಬ್ಬ ಹೆಂಗಸೇ ಹೇಳಬೇಕೇ ಎಂದು ಬಾಯಿಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. "ಹೇಳ್ತೇನೆ ಪಂಡಿತರೇ" ಎಂದೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೆರಳಲ್ಲಿ ನಸ್ಯದ ಕಲೆ ಇನ್ನೂ ಇತ್ತು.

ಸಭೆ ಅದೇ ಚಾವಡಿಯಲ್ಲಿ ನಡೆಯಿತು. ಹಲ್ಲು ಉದುರಿದ ಅದೇ ವಕೀಲರು ಅಧ್ಯಕ್ಷರು. "ಹೆಣ್ಣಿನ ಹೃದಯವನ್ನು ನಮ್ಮ ಪಂಡಿತರಷ್ಟು ಬಲ್ಲವರು ಈ ಜಿಲ್ಲೆಯಲ್ಲೇ ಹುಟ್ಟಲಿಲ್ಲ" ಎಂದರು. ನಾನು ಎದ್ದು ನಿಂತೆ. ಹೆಂಗಸರು ಕಿಟಕಿಯಿಂದಲೇ ಕೇಳುತ್ತಿದ್ದ ಚಾವಡಿಯಲ್ಲಿ ಗಂಡಸರ ನಡುವೆ ನಿಂತು ಮಾತಾಡಿದೆ. ಒಂದೊಂದಾಗಿ ಬಿಡಿಸಿ ಹೇಳಿದೆ. ಕಣ್ಣಿನ ಮಾತು ಯಾರದು, ಜಗಲಿಯಲ್ಲಿ ಅದು ಹುಟ್ಟಿದ್ದು ಹೇಗೆ, ಪಂಡಿತರು ಆ ದಿನ ಎದ್ದು ಹೋದದ್ದು ಯಾಕೆ, ಎಲ್ಲ.

ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೋಡಿ, ಇದು ದೊಡ್ಡವರ ಲಕ್ಷಣ! ತನ್ನ ಪ್ರತಿಭೆಯನ್ನೆಲ್ಲ ಅಕ್ಕನ ಹೆಸರಿಗೆ ಹಾಕಿ ಹೋದರಲ್ಲ, ಎಂಥ ವಿನಯ!" ಎಂದರು. ಚಾವಡಿ ತುಂಬ ಚಪ್ಪಾಳೆ. ಪಂಡಿತರ ವಿನಯಕ್ಕೆ.

ನಾನು ಕೂತುಬಿಟ್ಟೆ. ಮನೆಗೆ ಬಂದ ಮೇಲೂ ಆ ಚಪ್ಪಾಳೆ ಕಿವಿಯಲ್ಲಿ ಹೊಡೆಯುತ್ತಿತ್ತು. ಪಂಡಿತರ ಮೇಲೆ ಸಿಟ್ಟು, ಅವರಿಲ್ಲವೆಂಬ ದುಃಖ, ಎರಡನ್ನೂ ಬೇರೆ ಮಾಡಲು ನನಗೆ ಇವತ್ತಿಗೂ ಬಂದಿಲ್ಲ. ಅವರು ಆ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬರದಿದ್ದರೆ ನಾನು ಎಲ್ಲೋ ಒಂದು ಕಡೆ ಸೊಸೆಯಾಗಿ ಸವೆದುಹೋಗುತ್ತಿದ್ದೆ. ಸ್ವಂತ ದುಡಿದು ಉಂಡ ಪ್ರತಿ ತುತ್ತಿನಲ್ಲೂ ಅವರ ಋಣ ಉಂಟು. ಅಕ್ಕನದೂ ಉಂಟು.

ಮರುದಿನ ತರಗತಿಗೆ ಹೋದೆ. ಅದೇ ಪಠ್ಯ, ಪಂಡಿತರು ಕಿಟಕಿಯ ಕಡೆ ತಿರುಗುತ್ತಿದ್ದ ಅದೇ ಪದ್ಯ. ಅಲ್ಲಿಯವರೆಗೆ ನಾನೂ ಅದನ್ನು ದಾಟಿಸಿಯೇ ಹೋಗುತ್ತಿದ್ದೆ. ಅಂದು ಪೂರ್ತಿ ಓದಿದೆ, ಅರ್ಥ ಹೇಳಿದೆ, ಆಮೇಲೆ ಪುಸ್ತಕ ಮುಚ್ಚಿ ಕೇಳಿದೆ: "ಈ ಕಣ್ಣಿಗೆ ಎಂತ ಕಾಣ್ತದೆ?"

ನಾನು ಕಾದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಹಿಂದಿನ ಬೆಂಚಿನಿಂದ, ಎಂದೂ ಬಾಯಿ ಬಿಡದ ಒಬ್ಬಳು ಎದ್ದು ನಿಂತಳು.

"ಅವಳನ್ನು ನೋಡುವವನು ಕಾಣ್ತಾನೆ ಟೀಚರ್. ಅವನು ಅವಳ ಕಣ್ಣು ನೋಡಿ ಪದ್ಯ ಮಾಡ್ತಾ ಇದ್ದಾನಲ್ಲ, ಅಷ್ಟು ಹೊತ್ತು ಅವಳು ಅವನನ್ನೇ ನೋಡ್ತಾ ಇದ್ದಾಳೆ."

ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ನಾನು ಸೀಮೆಸುಣ್ಣ ತೆಗೆದುಕೊಂಡು ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬೋರ್ಡಿನ ಮೇಲೆ ಬರೆದೆ. ಅದರ ಕೆಳಗೆ ಅವಳ ಹೆಸರನ್ನೂ ಬರೆದೆ.